‘ಶ್... ಅಪ್ಪ ತಾಚಿ’: ಶಿಫ್ಟ್ ಕೆಲಸದ ಮನೆಯಲ್ಲಿ ಮಕ್ಕಳ ಪಾಲಿನ ಹೊತ್ತು

ಪ್ರಶ್ನೆ: ನನಗೆ 36 ವರ್ಷ. ಪೀಣ್ಯದ ಒಂದು ಕಾರ್ಖಾನೆಯಲ್ಲಿ ಸಿಎನ್‌ಸಿ (ಕಂಪ್ಯೂಟರ್ ಹಿಡಿತದಲ್ಲಿ ಓಡುವ ಮಷಿನ್) ಆಪರೇಟರ್. 9 ವರ್ಷದಿಂದ ಅಲ್ಲೇ ಇದ್ದೇನೆ. ವಾರಕ್ಕೊಂದು ಶಿಫ್ಟ್ ಬದಲಾಗುತ್ತದೆ. ಫಸ್ಟ್ ಶಿಫ್ಟ್ ಬೆಳಿಗ್ಗೆ 6ರಿಂದ 2, ಸೆಕೆಂಡ್ 2ರಿಂದ ರಾತ್ರಿ 10, ನೈಟ್ 10ರಿಂದ ಬೆಳಿಗ್ಗೆ 6. ಹೆಂಡತಿ ಗಾರ್ಮೆಂಟ್ಸ್‌ನಲ್ಲಿ ಟೈಲರ್. ಬೆಳಿಗ್ಗೆ 8ಕ್ಕೆ ಹೊರಟರೆ ಸಂಜೆ 6:30ಕ್ಕೆ ಮನೆ ಸೇರುತ್ತಾಳೆ. ನನ್ನ ವಾರದ ರಜೆ ಗುರುವಾರ, ಅವಳದ್ದು ಭಾನುವಾರ. ತಿಂಗಳಲ್ಲಿ ಎರಡು ಗುರುವಾರ ಓಟಿಗೂ ಹೋಗುತ್ತೇನೆ. ಮಗಳು 3ನೇ ಕ್ಲಾಸು. ಮಗನಿಗೆ 3 ವರ್ಷ. ಪಕ್ಕದ ಬೀದಿಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಅಜ್ಜಿ ಇದ್ದಾರೆ, ಬೆಳಿಗ್ಗೆ 8ಕ್ಕೆ ಮಗನನ್ನು ಅಲ್ಲಿ ಬಿಡುತ್ತೇವೆ. ಶಾಲೆ ಮುಗಿದ ಮೇಲೆ ಮಗಳೂ ಅಲ್ಲಿಗೇ ಹೋಗುತ್ತಾಳೆ. ನಮ್ಮದು ದಾಸರಹಳ್ಳಿ ಹತ್ತಿರ ಒಂದು ರೂಮಿನ ಬಾಡಿಗೆ ಮನೆ.

ಮೊನ್ನೆ ನೈಟ್ ಮುಗಿಸಿ, ಮಲಗಿ ಎದ್ದು ಕೂತಿದ್ದೆ. ಮಗ ಒಳಗೆ ಬಂದವನು ನನ್ನ ಮುಖ ನೋಡಿ, ಬಾಯಿ ಮೇಲೆ ಬೆರಳಿಟ್ಟು ‘ಶ್... ಅಪ್ಪ ತಾಚಿ’ ಅಂದ. ನಾನು ಎದ್ದೇ ಇದ್ದೆ. ಆವತ್ತಿನಿಂದ ಮನಸ್ಸು ಸರಿಯಿಲ್ಲ. ನೈಟ್ ವಾರದಲ್ಲಿ ಎದ್ದರೂ ಮೈ ಭಾರ. ಮೊಬೈಲ್ ನೋಡುತ್ತಾ ಕೂರುತ್ತೇನೆ, ಮಕ್ಕಳು ಗಲಾಟೆ ಮಾಡಿದರೆ ರೇಗುತ್ತೇನೆ. ಹೆಂಡತಿಯೂ ಬಂದ ಕೂಡಲೇ ಸಿಡುಕುತ್ತಾಳೆ. ತಿಪಟೂರಿನ ಹತ್ತಿರ ನಮ್ಮ ಅಮ್ಮ ಇದ್ದಾರೆ. ಮಗಳನ್ನು ಅಲ್ಲೇ ಶಾಲೆಗೆ ಸೇರಿಸೋಣವಾ? ಇಲ್ಲ ನಾನು ಕೆಲಸ ಬಿಟ್ಟು ಕ್ಯಾಬ್ ಓಡಿಸಲಾ? ಇಲ್ಲ ಹೆಂಡತಿ ಕೆಲಸ ಬಿಡಬೇಕಾ? ಮಕ್ಕಳಿಗೆ ದಿನಕ್ಕೆ ಎಷ್ಟು ಹೊತ್ತು ಕೊಟ್ಟರೆ ಸಾಕು?

ಉತ್ತರ: ಆ ‘ತಾಚಿ’ ನಿಮಗೆ ಎಷ್ಟು ಚುಚ್ಚಿದೆ ಅಂತ ನಿಮ್ಮ ಪತ್ರದಲ್ಲೇ ಗೊತ್ತಾಗುತ್ತದೆ. ಆದರೆ ಸ್ವಲ್ಪ ಮಗನ ಕಡೆಯಿಂದ ನೋಡಿ. ಅವನು ನಿಮ್ಮನ್ನು ದೂರ ತಳ್ಳಲಿಲ್ಲ. ಮನೆಯ ಒಂದು ನಿಯಮವನ್ನು ಚೆನ್ನಾಗಿ ಕಲಿತಿದ್ದಾನೆ, ಅಷ್ಟೆ. ಅಪ್ಪ ಮನೆಯಲ್ಲಿದ್ದರೆ ಸದ್ದು ಮಾಡಬಾರದು ಅನ್ನುವ ನಿಯಮ. ಅದು ಯಾವಾಗ ಶುರುವಾಗಿ ಯಾವಾಗ ಮುಗಿಯುತ್ತದೆ ಅಂತ ಅವನಿಗೆ ಯಾರೂ ಹೇಳಿಕೊಟ್ಟಿಲ್ಲ. ಮೂರು ವರ್ಷದ ಮಗುವಿಗೆ ಗಡಿಯಾರ ತಿಳಿಯುವುದಿಲ್ಲ, ವಾರ ತಿಳಿಯುವುದಿಲ್ಲ, ಶಿಫ್ಟ್ ಅಂತೂ ದೂರದ ಮಾತು. ಒಂದು ವಾರ ಅಪ್ಪ ಹಗಲು ಮಲಗಿರುತ್ತಾರೆ. ಇನ್ನೊಂದು ವಾರ ಸಂಜೆ ಇರುವುದೇ ಇಲ್ಲ. ಮತ್ತೊಂದು ವಾರ ಕಣ್ಣು ಬಿಡುವಷ್ಟರಲ್ಲಿ ಹೊರಟು ಹೋಗಿರುತ್ತಾರೆ. ಇಷ್ಟೆಲ್ಲ ಲೆಕ್ಕ ಅವನಿಂದ ಆಗುವುದಿಲ್ಲ. ಅದಕ್ಕೇ ಸುಲಭದ ದಾರಿ ಹಿಡಿದಿದ್ದಾನೆ. ಅಪ್ಪ ಕಂಡರೆ ಶ್!

‘ಎಷ್ಟು ಹೊತ್ತು ಕೊಟ್ಟರೆ ಸಾಕು’ ಅಂತ ಕೇಳಿದ್ದೀರಿ. ನನ್ನ ಹತ್ತಿರ ಬರುವ ಶಿಫ್ಟ್ ಕೆಲಸದ ಅಪ್ಪ ಅಮ್ಮಂದಿರೆಲ್ಲ ಮೊದಲು ಕೇಳುವುದೇ ಇದನ್ನು. ಮಕ್ಕಳು ಗಂಟೆ ಎಣಿಸುವುದನ್ನು ನಾನು ನೋಡಿಲ್ಲ. ಅವರಿಗೆ ಬೇಕಿರುವುದು ಅಪ್ಪ ಯಾವಾಗ ಸಿಗುತ್ತಾರೆ ಅನ್ನುವ ಖಾತ್ರಿ. ಸಿಕ್ಕ ಹೊತ್ತಿನಲ್ಲಿ ಅಪ್ಪ ಮೈಮೇಲೆ ಎಚ್ಚರ ಇಟ್ಟುಕೊಂಡು, ಸಿಡುಕದೆ ಇರಬೇಕು. ಈ ಎರಡು ನಿಮ್ಮ ಮನೆಯಲ್ಲಿ ತಪ್ಪಿ ಹೋಗಿವೆ. ಹೊತ್ತು ಮಾತ್ರ ನೀವು ಅಂದುಕೊಂಡಷ್ಟು ಕಮ್ಮಿ ಇಲ್ಲ.

ಬೇಕಾದರೆ ಕಾಗದದ ಮೇಲೆ ಬರೆದು ನೋಡಿ. ಫಸ್ಟ್ ಶಿಫ್ಟ್ ವಾರದಲ್ಲಿ ನೀವು ಸುಮಾರು 3ಕ್ಕೆ ಮನೆಯಲ್ಲಿರುತ್ತೀರಿ. ಒಂದು ಗಂಟೆ ಅಡ್ಡಾದರೂ 4ರಿಂದ 9ರವರೆಗೆ ನಿಮ್ಮದೇ. ನೈಟ್ ವಾರದಲ್ಲಿ ಬೆಳಿಗ್ಗೆ 7ರಿಂದ ಮಗಳು ಶಾಲೆಗೆ ಹೊರಡುವ ತನಕ ಒಂದೂವರೆ ಗಂಟೆ, ಸಂಜೆ 4ರಿಂದ 9ರವರೆಗೆ ಇನ್ನೈದು ಗಂಟೆ. ಬೆಳಿಗ್ಗೆ 8ಕ್ಕೆ ಹೊರಟು ರಾತ್ರಿ 8ಕ್ಕೆ ಟ್ರಾಫಿಕ್ ದಾಟಿ ಮನೆಗೆ ಬರುವ ಎಷ್ಟೋ ಆಫೀಸಿನ ಅಪ್ಪಂದಿರಿಗೆ ಇದರ ಅರ್ಧವೂ ಸಿಗುವುದಿಲ್ಲ.

ನೀವು ನೈಟ್ ಶಿಫ್ಟನ್ನು ಬೈದಿದ್ದೀರಿ. ಮಗಳ ಮಟ್ಟಿಗೆ ನಿಜವಾಗಿ ಕೆಟ್ಟದ್ದು ಸೆಕೆಂಡ್ ಶಿಫ್ಟ್. ಶಾಲೆಗೆ ಹೋಗುವ ಮಗುವಿನ ದಿನ ಬಿಚ್ಚಿಕೊಳ್ಳುವುದೇ ಸಂಜೆ. ಯಾರು ಬೈದರು, ಯಾರು ಪೆನ್ಸಿಲ್ ಕಿತ್ತುಕೊಂಡರು, ಮಿಸ್ ಏನಂದರು, ಎಲ್ಲ ಹೊರಗೆ ಬರುವುದು 4ರಿಂದ 8ರ ಒಳಗೆ. ಸೆಕೆಂಡ್ ಶಿಫ್ಟ್ ಆ ಹೊತ್ತನ್ನೇ ಪೂರ್ತಿ ನುಂಗುತ್ತದೆ. ಅದೇ ಸೆಕೆಂಡ್ ಶಿಫ್ಟ್ ಮಗನ ಪಾಲಿಗೆ ಒಳ್ಳೆಯ ವಾರ. ಮಧ್ಯಾಹ್ನ 1ರ ತನಕ ನೀವು ಮನೆಯಲ್ಲೇ ಇರುತ್ತೀರಿ ಅಲ್ವಾ? ಹಾಗಿದ್ದೂ ಅವನನ್ನು 8ಕ್ಕೇ ಅಜ್ಜಿ ಮನೆಗೆ ಯಾಕೆ ಬಿಡುತ್ತೀರಿ? ಎಲ್ಲ ವಾರವೂ ಹಾಗೇ ರೂಢಿ ಆಗಿದೆ ಅಂತ ಇರಬೇಕು. ಆ ಒಂದು ವಾರ ಅವನು 12:30ರ ತನಕ ನಿಮ್ಮ ಜೊತೆ ಇರಲಿ. ಸ್ನಾನ ನೀವೇ ಮಾಡಿಸಿ, ತಿಂಡಿ ನೀವೇ ತಿನ್ನಿಸಿ, ಅಂಗಡಿಗೆ ಹೋದರೆ ಕರೆದುಕೊಂಡು ಹೋಗಿ. ಬೇರೇನೂ ಆಟ ಆಡಿಸಬೇಕಿಲ್ಲ. ದಿನಕ್ಕೆ ನಾಲ್ಕು ಗಂಟೆ, ಮೂರು ವಾರಕ್ಕೊಮ್ಮೆ. ಎರಡು ತಿಂಗಳಲ್ಲಿ ಆ ಬೆರಳು ಬಾಯಿಂದ ಇಳಿಯುತ್ತದೆ ಅಂತ ನನ್ನ ನಂಬಿಕೆ.

ಹೊತ್ತಿಗಿಂತ ದಣಿವು ಮಕ್ಕಳನ್ನು ಹೆಚ್ಚು ಕಾಡುತ್ತದೆ ಅನ್ನುವುದು ನನ್ನೊಬ್ಬಳ ಮಾತಲ್ಲ. ಅಮೆರಿಕದ ಎಲೆನ್ ಗಾಲಿನ್‌ಸ್ಕಿ ಅನ್ನುವ ಸಂಶೋಧಕಿ ಸಾವಿರಕ್ಕೂ ಹೆಚ್ಚು ಶಾಲಾ ಮಕ್ಕಳನ್ನು ನೇರವಾಗಿ ಕೇಳಿದ್ದರು. ಅಪ್ಪ ಅಮ್ಮನ ಕೆಲಸದಿಂದ ನಿಮಗೆ ಆಗುವುದರಲ್ಲಿ ಒಂದೇ ಒಂದನ್ನು ಬದಲಾಯಿಸಬಹುದು ಅಂದರೆ ಏನನ್ನು ಬದಲಾಯಿಸುತ್ತೀರಿ ಅಂತ. 1999ರಲ್ಲಿ ಅದು ಪ್ರಕಟವಾಯಿತು. ಮಕ್ಕಳು ‘ಇನ್ನೂ ಜಾಸ್ತಿ ಹೊತ್ತು ಬೇಕು’ ಅನ್ನುತ್ತಾರೆ ಅಂತ ದೊಡ್ಡವರ ಊಹೆ. ಅಮ್ಮನ ವಿಷಯದಲ್ಲಿ ಹಾಗೆ ಕೇಳಿದ ಮಕ್ಕಳು 100ಕ್ಕೆ 10 ಮಾತ್ರ. 100ಕ್ಕೆ 34 ಮಕ್ಕಳು ಕೇಳಿದ್ದು ಅಮ್ಮನಿಗೆ ಇಷ್ಟೊಂದು ಸುಸ್ತು, ಒತ್ತಡ ಇರದಿರಲಿ ಅಂತ. ಕೆನಡಾದಲ್ಲಿ ಇಬ್ಬರೂ ದುಡಿಯುವ ಕುಟುಂಬಗಳನ್ನು ನೋಡಿದ ಇನ್ನೊಂದು ಅಧ್ಯಯನ 2006ರಲ್ಲಿ ಬಂತು. ಸಂಜೆ, ರಾತ್ರಿ, ವಾರಾಂತ್ಯದಲ್ಲಿ ದುಡಿಯುವ ಅಪ್ಪ ಅಮ್ಮಂದಿರಲ್ಲಿ ಮಂಕು, ಸಿಡುಕು ಜಾಸ್ತಿ ಕಂಡಿತು. ಮಕ್ಕಳ ತೊಂದರೆಯ ಒಂದು ಪಾಲು ಆ ದಾರಿಯಲ್ಲೇ ಬರುತ್ತಿತ್ತು. ಅಂದರೆ ಶಿಫ್ಟ್ ಮೊದಲು ನಿಮ್ಮ ನಿದ್ದೆ ತಿನ್ನುತ್ತದೆ. ನಿದ್ದೆ ಹೋದರೆ ತಾಳ್ಮೆ ಹೋಗುತ್ತದೆ. ಆಮೇಲೆ ಮಕ್ಕಳ ಸರದಿ.

ಹೊತ್ತಿನ ಲೆಕ್ಕ ಪೂರ್ತಿ ಸುಳ್ಳು ಅಂತಲೂ ಅಂದುಕೊಳ್ಳಬೇಡಿ. 2015ರ ಒಂದು ದೊಡ್ಡ ಅಧ್ಯಯನದಲ್ಲಿ, ಅದೂ ಅಮೆರಿಕದ್ದೇ, 3ರಿಂದ 11 ವರ್ಷದ ಮಕ್ಕಳ ಓದಿಗಾಗಲಿ, ನಡವಳಿಕೆಗಾಗಲಿ ತಾಯಿ ಕೊಡುವ ಗಂಟೆಗಳ ಲೆಕ್ಕಕ್ಕೂ ನಂಟು ಕಾಣಲಿಲ್ಲ. ಹದಿಹರೆಯದಲ್ಲಿ ಮಾತ್ರ ಜೊತೆಯಲ್ಲಿ ಕೂತು ಮಾತಾಡುವ, ಉಣ್ಣುವ ಹೊತ್ತು ಕೆಲಸಕ್ಕೆ ಬಂತು. ಎಲ್ಲರೂ ಮಕ್ಕಳು ಚಿಕ್ಕವರಿದ್ದಾಗ ಕೊರಗುತ್ತಾರೆ, 13 ದಾಟಿದ ಮೇಲೆ ‘ಈಗ ಅವಳಿಗೆ ನಾವು ಬೇಡ’ ಅಂತ ಸುಮ್ನೆ ಬಿಟ್ಟುಬಿಡುತ್ತಾರೆ. ನಿಮ್ಮ ಮಗಳಿಗೆ ಇನ್ನೂ ನಾಲ್ಕೈದು ವರ್ಷ ಇದೆ. ಆ ಹೊತ್ತಿಗೆ ಸಂಜೆ ನೀವು ಮನೆಯಲ್ಲಿರುವ ಹಾಗೆ ದಾರಿ ಮಾಡಿಕೊಳ್ಳಲು ಈಗಿನಿಂದಲೇ ನೋಡಿ.

ಇಲ್ಲಿ ನನ್ನ ಮನೆಯ ಒಂದು ವಿಷಯ ಹೇಳಬೇಕು. ನಾನು ಬೆಳೆದದ್ದು ದಾವಣಗೆರೆಯಲ್ಲಿ. ಆಗ ಅದು ಹತ್ತಿ ಮಿಲ್ಲುಗಳ ಊರು. ನಮ್ಮಪ್ಪ ಮಿಲ್ಲಿನಲ್ಲಿ ಪಾಳಿ ಕೆಲಸ. ಸೈರನ್ ಕೂಗಿದರೆ ಬೀದಿಗೆ ಬೀದಿಯೇ ಎದ್ದು ಹೊರಡುತ್ತಿತ್ತು. ಅಪ್ಪ ಯಾವ ಪಾಳಿಯಿಂದ ಬಂದರೂ ನೇರ ಬಚ್ಚಲಿಗೆ ಹೋಗುತ್ತಿರಲಿಲ್ಲ. ಬಾಗಿಲ ಹೊರಗೆ ಕಟ್ಟೆಯ ಮೇಲೆ ಕೂರುತ್ತಿದ್ದರು. ತಲೆ, ಹುಬ್ಬು, ಕಿವಿಯ ಕೂದಲಿಗೆಲ್ಲ ಹತ್ತಿಯ ನವಿರು ಅಂಟಿರುತ್ತಿತ್ತು. ಅದನ್ನು ಬಿಡಿಸುವುದು ನನ್ನ, ತಮ್ಮನ ಕೆಲಸ. ಹುಬ್ಬು ನನ್ನದು, ಕಿವಿ ಅವನದು. ಅಪ್ಪ ಕಣ್ಣು ಮುಚ್ಚಿ ಕೂತಿರುತ್ತಿದ್ದರು. ನಾವು ಬಿಡಿಸಿದ ಹತ್ತಿಯನ್ನು ಉಂಡೆ ಮಾಡಿ ಊದುತ್ತಾ ಶಾಲೆಯ ಕಥೆ ಹೇಳುತ್ತಿದ್ದೆವು. ಹತ್ತು ನಿಮಿಷ, ಅಷ್ಟೇ. ರಾತ್ರಿ ಪಾಳಿಯಾದರೆ ಬೆಳಿಗ್ಗೆ, ಬೆಳಗಿನ ಪಾಳಿಯಾದರೆ ಮಧ್ಯಾಹ್ನ. ಅಪ್ಪ ಬಂದರೆ ಹತ್ತಿ ಬಿಡಿಸುವುದು ಅಂತ ಗೊತ್ತಿತ್ತು. ಅವರು ದಿನಕ್ಕೆ ಎಷ್ಟು ಗಂಟೆ ಮನೆಯಲ್ಲಿದ್ದರು ಅಂತ ಕೇಳಿದರೆ ನನ್ನ ತಮ್ಮನಿಗೂ ಹೇಳಲು ಬರುವುದಿಲ್ಲ, ನನಗೂ ಬರುವುದಿಲ್ಲ. (ಆ ಧೂಳು ಎದೆಗೆ ಎಷ್ಟು ಕೆಟ್ಟದ್ದು ಅಂತ ಆಗ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನೀವು ಮಷಿನ್ ಶಾಪಿನಿಂದ ಬಂದವರು. ಕೂಲೆಂಟ್ ಎಣ್ಣೆಯ ಕೈ ತೊಳೆದುಕೊಂಡು, ಬಟ್ಟೆ ಬದಲಾಯಿಸಿಯೇ ಮಕ್ಕಳನ್ನು ಎತ್ತಿಕೊಳ್ಳಿ.)

ನಿಮ್ಮ ಮನೆಗೂ ಅಂಥದ್ದೊಂದು ಬೇಕು. ಹೊಸದಾಗಿ ಏನೂ ಹುಟ್ಟುಹಾಕಬೇಡಿ, ಹೇಗೂ ಮಾಡಲೇಬೇಕಾದ ಒಂದು ಕೆಲಸಕ್ಕೆ ಕಟ್ಟಿ. ನೈಟ್ ಮತ್ತು ಸೆಕೆಂಡ್ ಶಿಫ್ಟ್ ವಾರದಲ್ಲಿ ಮಗಳನ್ನು ಶಾಲೆಗೆ ನಡೆಸಿಕೊಂಡು ಹೋಗುವುದು ನಿಮ್ಮ ಪಾಲಿಗಿರಲಿ. ಫಸ್ಟ್ ಶಿಫ್ಟ್ ವಾರದಲ್ಲಿ ಬೆಳಿಗ್ಗೆ ನೀವು ಇರುವುದಿಲ್ಲ, ಆಗ ಶಾಲೆಯಿಂದ ಕರೆದುಕೊಂಡು ಬನ್ನಿ. ಆ ದಾರಿಯಲ್ಲಿ ಮೊಬೈಲ್ ಜೇಬಿನಲ್ಲೇ ಇರಲಿ. ಎಂಟು ವರ್ಷದ ಮಗು ಎದುರಿಗೆ ಕೂರಿಸಿಕೊಂಡು ‘ಹೇಳು’ ಅಂದರೆ ಬಾಯಿ ಬಿಡುವುದಿಲ್ಲ. ಪಕ್ಕದಲ್ಲಿ ನಡೆಯುತ್ತಾ, ಕಲ್ಲು ಒದೆಯುತ್ತಾ ಹೋಗುವಾಗ ತಾನೇ ಹೇಳುತ್ತದೆ.

ಮಗಳ ಕೈಯಲ್ಲೇ ಒಂದು ಕ್ಯಾಲೆಂಡರ್ ಮಾಡಿಸಿ. ಗೋಡೆಗೆ ಹಾಕುವ ದೊಡ್ಡ ಅಂಕಿಯ ಕ್ಯಾಲೆಂಡರ್ ಸಾಕು. ಫಸ್ಟ್ ಶಿಫ್ಟಿಗೆ ಹಳದಿ, ಸೆಕೆಂಡಿಗೆ ಹಸಿರು, ನೈಟಿಗೆ ನೀಲಿ. ನಿಮ್ಮ ಗುರುವಾರ, ಅಮ್ಮನ ಭಾನುವಾರ ಬೇರೆ ಗುರುತು. ಪ್ರತಿ ತಿಂಗಳೂ ಬಣ್ಣ ಹಚ್ಚುವುದು ಅವಳ ಜವಾಬ್ದಾರಿ. ಶಿಫ್ಟ್ ತಟ್ಟನೆ ಬದಲಾದರೆ ಅವಳಿಗೆ ನೀವೇ ಹೇಳಿ, ಅವಳೇ ತಿದ್ದಲಿ. ಇದು ಮಕ್ಕಳಾಟದ ಹಾಗೆ ಕಾಣುತ್ತದೆ. ಆದರೆ ‘ಇವತ್ತು ಅಪ್ಪ ಇರ್ತಾರಾ?’ ಅಂತ ದಿನಾ ಕೇಳುವ ಮಗು, ತಾನೇ ಗೋಡೆ ನೋಡಿ ‘ಇವತ್ತು ಹಸಿರು’ ಅಂತ ತಮ್ಮನಿಗೆ ಹೇಳುವಷ್ಟು ಆದರೆ ಅದರ ಎದೆಯ ಭಾರ ಎಷ್ಟೋ ಇಳಿಯುತ್ತದೆ. ನಾನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ.

ಇನ್ನು ಆ ‘ಶ್’. ಒಂದು ಟವೆಲ್ ಇಟ್ಟುಕೊಳ್ಳಿ, ಕೆಂಪು ಬಣ್ಣದ್ದು. ನೀವು ಮಲಗಿದಾಗ ರೂಮಿನ ಬಾಗಿಲ ಮೇಲೆ ಅದು ಇರುತ್ತದೆ. ಎದ್ದ ಕೂಡಲೇ ಮಗನನ್ನು ಕರೆದು, ಟವೆಲ್ ಎಳೆಯುವ ಕೆಲಸ ಅವನಿಗೇ ಕೊಡಿ. ಎಳೆದ ಮೇಲೆ ಅವನು ಎಷ್ಟು ಜೋರಾಗಿ ಬೇಕಾದರೂ ಕೂಗಬಹುದು, ಮೈಮೇಲೆ ಹತ್ತಬಹುದು. ಮೊದಮೊದಲು ನೀವೇ ‘ಅಪ್ಪ ಎದ್ದ!’ ಅಂತ ಕೂಗಿ ತೋರಿಸಬೇಕಾಗುತ್ತದೆ. ಸದ್ದು ಮಾಡಬಾರದ ಹೊತ್ತು ಒಂದು ಇದೆ, ಅದು ಮುಗಿಯುತ್ತದೆ ಅಂತ ಅವನಿಗೆ ಕಣ್ಣಿಗೆ ಕಾಣಬೇಕು.

ಇದೆಲ್ಲ ನಡೆಯಬೇಕಾದರೆ ನೀವು ನಿದ್ದೆ ಮಾಡಬೇಕು. ನೈಟ್ ಮುಗಿಸಿ ಬಂದವರು ಸಾಮಾನ್ಯವಾಗಿ ಏನು ಮಾಡುತ್ತಾರೆ ಗೊತ್ತಲ್ಲ? ಕಾಫಿ ಕುಡಿದು, ಟಿವಿ ನೋಡಿ, ಬ್ಯಾಂಕು, ರೇಷನ್ನು ಅಂತ ಓಡಾಡಿ, 11ಕ್ಕೆ ಮಲಗಿ 3ಕ್ಕೆ ಏಳುತ್ತಾರೆ. ನಾಲ್ಕು ಗಂಟೆ ನಿದ್ದೆಯಲ್ಲಿ ಯಾವ ಅಪ್ಪನೂ ಒಳ್ಳೆಯ ಅಪ್ಪ ಆಗಿರಲು ಸಾಧ್ಯವಿಲ್ಲ. ಮಗಳನ್ನು ಶಾಲೆಗೆ ಬಿಟ್ಟು ಬಂದು 9ರ ಒಳಗೆ ಮಲಗಿ. ಬರುವಾಗ ಕಾಫಿ ಬೇಡ. ಕಿಟಕಿಗೆ ದಪ್ಪ ಬಟ್ಟೆ ಕಟ್ಟಿ, ಫೋನ್ ಸೈಲೆಂಟ್ ಮಾಡಿ. ಏಳು ಗಂಟೆ ಬೇಕೇ ಬೇಕು. ಆಮೇಲೆ 4:15ಕ್ಕೆ ಹೋಗಿ ಇಬ್ಬರು ಮಕ್ಕಳನ್ನೂ ಅಜ್ಜಿ ಮನೆಯಿಂದ ನೀವೇ ಕರೆದುಕೊಂಡು ಬನ್ನಿ. ಈಗ ಅಮ್ಮ ಬರುವ ತನಕ ಅವರು ಅಲ್ಲೇ ಇರುತ್ತಾರೆ ಅಂತ ನಿಮ್ಮ ಪತ್ರದಿಂದ ಅನ್ನಿಸುತ್ತದೆ. ಹೌದಾದರೆ ಆ ಎರಡು ಗಂಟೆ ಸುಮ್ಮನೆ ಹೋಗುತ್ತಿದೆ. ನೈಟ್ ಬಿಟ್ಟ ಬೆಳಿಗ್ಗೆ ಕಣ್ಣು ಎಳೆಯುತ್ತಿದ್ದರೆ ಬೈಕ್ ಹತ್ತಬೇಡಿ, ಬಸ್ಸಿಗೋ ಮೆಟ್ರೋಗೋ ಬನ್ನಿ. ಮತ್ತೆ ನೈಟ್ ವಾರದಲ್ಲಿ ಗಂಡ ಹೆಂಡತಿ ದುಡ್ಡಿನ ಮಾತು, ಊರಿನ ಜಗಳ ಎತ್ತಬೇಡಿ. ಅದನ್ನು ಹಳದಿ ವಾರಕ್ಕೆ ಇಟ್ಟುಕೊಳ್ಳಿ.

ಸೆಕೆಂಡ್ ಶಿಫ್ಟ್ ವಾರದಲ್ಲಿ ಮಗಳಿಗೆ ಸಂಜೆ ಒಂದು ಫೋನ್. ಕ್ಯಾಂಟೀನ್ ಬಿಡುವಿನಲ್ಲಿ, ದಿನಾ ಅದೇ ಹೊತ್ತಿಗೆ, ಐದು ನಿಮಿಷ. ‘ಊಟ ಆಯ್ತಾ? ಹೋಂವರ್ಕ್ ಆಯ್ತಾ? ತಮ್ಮನ ಜೊತೆ ಜಗಳ ಆಡ್ಲಿಲ್ಲ ತಾನೇ?’ ಅಂತ ಕೇಳಿದರೆ ಅದು ಹಾಜರಿ ತೆಗೆದುಕೊಂಡ ಹಾಗೆ. ‘ಹೂಂ’ ಅನ್ನುತ್ತಾಳೆ, ಫೋನ್ ಅಮ್ಮನಿಗೆ ಕೊಡುತ್ತಾಳೆ. ಮೊದಲು ನಿಮ್ಮದೊಂದು ಹೇಳಿ. ಇವತ್ತು ಟೂಲ್ ಮುರಿಯಿತು, ಕ್ಯಾಂಟೀನ್ ಸಾಂಬಾರಿನಲ್ಲಿ ಒಂದು ಮೆಣಸಿನಕಾಯಿ ಸಿಕ್ಕಿ ಕಣ್ಣಲ್ಲಿ ನೀರು ಬಂತು, ಏನಾದರೂ ಸರಿ. ಆಮೇಲೆ ಅವಳು ತನ್ನದು ಹೇಳುತ್ತಾಳೆ. ಅಪ್ಪ ಎಲ್ಲಿಗೆ ಹೋಗುತ್ತಾರೆ, ಅಲ್ಲಿ ಏನು ಮಾಡುತ್ತಾರೆ ಅಂತ ಅವಳಿಗೆ ಗೊತ್ತಿದೆಯಾ? ಎಷ್ಟೋ ಮಕ್ಕಳಿಗೆ ‘ಫ್ಯಾಕ್ಟರಿ’ ಅಂದರೆ ಅಪ್ಪನನ್ನು ನುಂಗುವ ಒಂದು ಗೇಟು ಮಾತ್ರ. ನೀವು ತಯಾರು ಮಾಡುವ ಭಾಗ ಯಾವ ಗಾಡಿಗೆ, ಯಾವ ಪಂಪಿಗೆ ಹೋಗುತ್ತದೆ ಅಂತ ಚಿತ್ರ ಬರೆದು ತೋರಿಸಿ.

ಈಗ ನಿಮ್ಮ ಮನೆಯವರ ವಿಷಯ. ಪತ್ರದಲ್ಲಿ ಅವರಿಗೆ ಸಿಕ್ಕಿರುವುದು ‘ಬಂದ ಕೂಡಲೇ ಸಿಡುಕುತ್ತಾಳೆ’ ಅನ್ನುವ ಒಂದು ಸಾಲು. ಅವರ ದಿನ ಒಂದು ಸಲ ನೋಡಿ. ಬೆಳಿಗ್ಗೆ ಬೇಗ ಎದ್ದು ಅಡುಗೆ, ಮೂರು ಡಬ್ಬಿ, ಇಬ್ಬರು ಮಕ್ಕಳು. ಬಸ್ಸಿನಲ್ಲಿ ನಿಂತು ಪ್ರಯಾಣ. ಇಡೀ ದಿನ ಮಷಿನ್ ಮುಂದೆ, ಗಂಟೆಗೆ ಇಷ್ಟು ಪೀಸ್ ಅಂತ ಟಾರ್ಗೆಟ್, ಹಿಂದೆ ಸೂಪರ್‌ವೈಸರ್. ವಾಪಸ್ ಬಂದು ಚಪ್ಪಲಿ ಬಿಟ್ಟ ಕಾಲಲ್ಲೇ ಒಲೆ ಮುಂದೆ. ಅವರಿಗೆ ನಿಮ್ಮ ಹಾಗೆ ‘ಮಲಗುವ ಹೊತ್ತು’ ಅಂತ ಮಕ್ಕಳು ಬಾಯಿ ಮುಚ್ಚಿಕೊಳ್ಳುವ ಹೊತ್ತೇ ಇಲ್ಲ. ಇದು ನಿಮ್ಮೊಬ್ಬರ ಮನೆಯ ಕಥೆಯೂ ಅಲ್ಲ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ 15ರಿಂದ 59 ವರ್ಷದವರಲ್ಲಿ ಮನೆಮಂದಿಯ ಆರೈಕೆಯಲ್ಲಿ ತೊಡಗಿದ ಹೆಂಗಸರು ಶೇ. 41, ಗಂಡಸರು ಶೇ. 21.4. ತೊಡಗಿದವರಲ್ಲೂ ಹೆಂಗಸರು ದಿನಕ್ಕೆ 140 ನಿಮಿಷ ಕೊಟ್ಟರೆ ಗಂಡಸರು 74. ಮನೆಗೆಲಸಕ್ಕೆ ಹೆಂಗಸರದು ದಿನಕ್ಕೆ ಸುಮಾರು 305 ನಿಮಿಷ. ಐದು ಗಂಟೆ ಆಯಿತು, ನೋಡಿ.

ಹಾಗಾಗಿ ಹಳದಿ ವಾರ, ನೀಲಿ ವಾರ ಸಂಜೆ ನೀವು ಮನೆಯಲ್ಲಿರುವಾಗ ಅಡುಗೆಗೆ ಕೈ ಹಾಕಿ. ಅವರು ಬರುವ ಹೊತ್ತಿಗೆ ಅನ್ನ ಆಗಿರಲಿ, ತರಕಾರಿ ಹೆಚ್ಚಿರಲಿ, ನೀರು ತುಂಬಿರಲಿ. ಮಗಳು ಬೆಳ್ಳುಳ್ಳಿ ಬಿಡಿಸಲಿ, ಮಗ ಅವರೆಕಾಳು ಬಿಡಿಸುವ ಹೆಸರಲ್ಲಿ ಚೆಲ್ಲಲಿ. ಅದೂ ನೀವು ಮಕ್ಕಳ ಜೊತೆ ಕಳೆದ ಹೊತ್ತೇ. ಅಮ್ಮ ಬಂದ ಮೇಲೆ ಅರ್ಧ ಗಂಟೆ ಯಾರೂ ಅವರನ್ನು ಅಡುಗೆಮನೆಗೆ ಕರೆಯಬಾರದು. ಟೀ ಕುಡಿಯುತ್ತಾ ಮಕ್ಕಳ ಜೊತೆ ಕೂರಲಿ. ಒಂದು ತಿಂಗಳು ಮಾಡಿ ನೋಡಿ, ಸಿಡುಕು ಎಷ್ಟು ಉಳಿಯುತ್ತದೆ ಅಂತ. ಈ ಇಡೀ ಉತ್ತರದಲ್ಲಿ ಒಂದನ್ನೇ ಮಾಡಲು ಆಗುವುದು ಅಂತಿದ್ದರೆ ಇದನ್ನೇ ಮಾಡಿ ಅನ್ನುತ್ತೇನೆ.

ಅವರು ಕೆಲಸ ಬಿಡಬೇಕಾ ಅನ್ನುವ ಪ್ರಶ್ನೆಯನ್ನು ಅವರನ್ನು ಕೇಳದೆ ನನ್ನನ್ನು ಕೇಳಿದ್ದೀರಿ. ಅವರನ್ನೇ ಕೇಳಿ. ಬೇಡ ಅಂದರೆ ಅಲ್ಲಿಗೆ ಮುಗಿಯಿತು. ಮಗನನ್ನು ಬಿಡುವುದಕ್ಕೆ ಅವರ ಫ್ಯಾಕ್ಟರಿಯಲ್ಲೇ ಕ್ರೆಶ್ ಇದೆಯಾ ವಿಚಾರಿಸಿ. 50 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆ ಇರಬೇಕು, ತಾಯಿ ದಿನಕ್ಕೆ 4 ಸಲ ಹೋಗಿ ಮಗುವನ್ನು ನೋಡಬಹುದು ಅಂತ 2017ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆಗೆ ತಿದ್ದುಪಡಿ ಬಂದಿದೆ. ಇದ್ದರೆ ಒಮ್ಮೆ ಹೋಗಿ ಕಣ್ಣಾರೆ ನೋಡಿ. ಚೊಕ್ಕಟವಾಗಿದ್ದರೆ, ಬಸ್ಸಿನಲ್ಲಿ ಕರೆದೊಯ್ಯುವುದು ಕಷ್ಟವಾಗದಿದ್ದರೆ ಯೋಚಿಸಿ. ಪಕ್ಕದ ಬೀದಿಯ ಅಜ್ಜಿಯ ಹತ್ತಿರ ಮಗ ಚೆನ್ನಾಗಿ ಹೊಂದಿಕೊಂಡಿದ್ದರೆ ಬದಲಾಯಿಸುವ ಅವಸರವೇನೂ ಇಲ್ಲ.

ಕ್ಯಾಬ್ ನನಗೆ ಅಷ್ಟಾಗಿ ಒಪ್ಪಿಗೆ ಇಲ್ಲ. ‘ನನ್ನ ಹೊತ್ತು ನನ್ನ ಕೈಯಲ್ಲಿ’ ಅಂತ ಹೋದವರು ಬಹಳ ಜನ ನನ್ನ ಹತ್ತಿರ ಬಂದಿದ್ದಾರೆ. ಬಾಡಿಗೆ ಚೆನ್ನಾಗಿ ಸಿಗುವುದು ಬೆಳಿಗ್ಗೆ 8ರಿಂದ 11, ಸಂಜೆ 5ರಿಂದ 9. ಅಂದರೆ ಮಗಳು ಶಾಲೆಗೆ ಹೊರಡುವ ಹೊತ್ತು, ವಾಪಸ್ ಬಂದು ಮಾತಾಡುವ ಹೊತ್ತು. ಗಾಡಿ ಸಾಲದ ಕಂತು ಇದ್ದರೆ ಮನೆಯಲ್ಲಿ ಕೂತ ಹೊತ್ತೆಲ್ಲ ನಷ್ಟದ ಹಾಗೆ ಕಾಣತೊಡಗುತ್ತದೆ. ಪೂರ್ತಿ ವರ್ಷ ಸೆಕೆಂಡ್ ಶಿಫ್ಟ್ ಮಾಡಿದ ಹಾಗೆ. ಮೇಲಾಗಿ 9 ವರ್ಷದ ಸರ್ವಿಸ್ ಬಿಟ್ಟು ಹೋಗಬೇಕು, ಪಿಎಫ್ ಕಟ್ಟುವುದೂ ನಿಲ್ಲುತ್ತದೆ.

ಅದರ ಬದಲು ಈಗಿನ ಕಡೆಯೇ ಕೇಳಬಹುದಾದದ್ದನ್ನು ಕೇಳಿ. ತಿಂಗಳಲ್ಲಿ ಒಂದಾದರೂ ವಾರದ ರಜೆಯನ್ನು ಭಾನುವಾರಕ್ಕೆ ಬದಲಾಯಿಸಿ ಕೊಡಲು ಶಿಫ್ಟ್ ಇನ್‌ಚಾರ್ಜ್ ಹತ್ತಿರ ಮಾತಾಡಿ. ಮದುವೆಯಾಗದ ಹುಡುಗರು ಎಷ್ಟೋ ಸಲ ಅದಲುಬದಲಿಗೆ ಒಪ್ಪುತ್ತಾರೆ. ಓಟಿಯನ್ನು ಎರಡು ಗುರುವಾರದಿಂದ ಒಂದಕ್ಕೆ ಇಳಿಸಲು ಆಗುತ್ತದಾ ನೋಡಿ. ಬಾಡಿಗೆ, ಫೀಸು ಇರುವಾಗ ಓಟಿ ಬೇಡ ಅನ್ನುವುದು ಸುಲಭವಲ್ಲ, ನನಗೆ ಗೊತ್ತು. ಮಾಡುವುದಾದರೆ ಲೆಕ್ಕ ಸರಿಯಾಗಿ ಕೇಳಿ. ವಾರಕ್ಕೆ 48 ಗಂಟೆ ಮೀರಿದರೆ ಎರಡು ಪಟ್ಟು ಕೂಲಿ ಅನ್ನುವುದು 1948ರ ಕಾರ್ಖಾನೆ ಕಾಯ್ದೆಯಿಂದ ಬಂದದ್ದು. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳಲ್ಲೂ ಅದು ಉಳಿದಿದೆ. 20 ದಿನ ದುಡಿದರೆ 1 ದಿನ ಸಂಬಳದ ರಜೆ ಅನ್ನುವುದೂ ಹಾಗೇ. ಆ ರಜೆಗಳನ್ನೆಲ್ಲ ಊರಿನ ಜಾತ್ರೆ, ನೆಂಟರ ಮದುವೆಗೇ ಕೂಡಿಡಬೇಡಿ. ಎರಡು ದಿನ ಮಗಳ ಶಾಲೆಯ ಲೆಕ್ಕಕ್ಕೆ ತೆಗೆದಿಡಿ, ಸ್ಕೂಲ್ ಡೇಗೋ ಸ್ಪೋರ್ಟ್ಸ್ ಡೇಗೋ.

ಇನ್ನೊಂದು. 2023ರಲ್ಲಿ ಕರ್ನಾಟಕ ತಂದ ತಿದ್ದುಪಡಿ ದಿನಕ್ಕೆ 12 ಗಂಟೆಯ ತನಕ ದುಡಿಸಲು ದಾರಿ ಮಾಡಿತು. ವಾರದ ಮಿತಿ 48ರಲ್ಲೇ ಉಳಿಯಿತು. ನಾಲ್ಕು ದಿನ ಕೆಲಸ, ಮೂರು ದಿನ ರಜೆ ಅಂತ ಕೇಳಲು ಚೆನ್ನಾಗಿದೆ. ಚಿಕ್ಕ ಮಕ್ಕಳಿರುವ ಮನೆಗೆ ಅದು ಲಾಭ ಅಂತ ನನಗೆ ಅನ್ನಿಸುವುದಿಲ್ಲ. 12 ಗಂಟೆಗೆ ಪ್ರಯಾಣ ಸೇರಿಸಿದರೆ ಆ ದಿನ ಮಕ್ಕಳು ಎದ್ದಿರುವಾಗ ಅಪ್ಪ ಇಲ್ಲವೇ ಇಲ್ಲ, ಮರುದಿನ ಇಡೀ ಮಲಗಿಯೇ ಇರುತ್ತಾರೆ. ಹೆಂಗಸರಿಗೂ ನೈಟ್ ಶಿಫ್ಟ್ ತೆರೆದಿದೆ, ಆದರೆ ಅವರ ಒಪ್ಪಿಗೆ ಬೇಕು. ನಿಮ್ಮ ಮನೆಯವರನ್ನು ಕೇಳಿದರೆ ಮಗ ಶಾಲೆಗೆ ಸೇರುವ ತನಕ ಬೇಡ ಅನ್ನುವುದೇ ಒಳ್ಳೆಯದು.

ಮಗಳನ್ನು ಊರಿಗೆ ಕಳಿಸುವ ಮಾತು. ನಿಮ್ಮ ಅಮ್ಮ ಅವಳನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೆ, ಅದರಲ್ಲಿ ಅನುಮಾನ ಇಲ್ಲ. ಆದರೆ ತಮ್ಮ ಇಲ್ಲೇ ಉಳಿದು ತನ್ನೊಬ್ಬಳನ್ನು ಕಳಿಸಿದರೆ ಎಂಟು ವರ್ಷದ ಹುಡುಗಿ ಅದನ್ನು ಒಂದೇ ರೀತಿ ಅರ್ಥ ಮಾಡಿಕೊಳ್ಳುತ್ತಾಳೆ: ನಾನು ಬೇಡವಾದೆ. ಹಾಗೆ ಕಳಿಸಿದ ಮಕ್ಕಳು ದೊಡ್ಡವರಾದ ಮೇಲೆ ನನ್ನ ಮುಂದೆ ಕೂತು ಅತ್ತಿದ್ದನ್ನು ನೋಡಿದ್ದೇನೆ. ತಿಂಗಳಿಗೊಮ್ಮೆ ಬಟ್ಟೆ, ಬಿಸ್ಕೆಟ್ ತರುವ ಅಪ್ಪ ಅಮ್ಮ ನೆಂಟರಾಗಿಬಿಡುತ್ತಾರೆ. ಕಳಿಸಬೇಡಿ ಅನ್ನುವುದೇ ನನ್ನ ಮಾತು. ಅಮ್ಮನನ್ನೇ ಇಲ್ಲಿಗೆ ಕರೆಸಿ ನೋಡಿ, ಅದೂ ವರ್ಷಗಟ್ಟಲೆ ಅಲ್ಲ. ತೋಟ, ಹಸು ಬಿಟ್ಟು ಬೆಂಗಳೂರಿನ ಒಂದು ರೂಮಿನಲ್ಲಿ ಇರಲು ಯಾವ ಹಳ್ಳಿಯ ಹೆಂಗಸಿಗೂ ಕಷ್ಟ. ಮೂರು ವಾರಕ್ಕೊಂದು ವಾರ, ನಿಮ್ಮ ಸೆಕೆಂಡ್ ಶಿಫ್ಟ್ ವಾರ ಮಾತ್ರ. ತಿಪಟೂರು ಇಲ್ಲಿಂದ ಸುಮಾರು 140 ಕಿಲೋಮೀಟರ್, ಅರಸೀಕೆರೆ ಕಡೆಯ ರೈಲು ಹತ್ತಿದರೆ ಬಂದುಬಿಡಬಹುದು. ಮಗಳ ಸಂಜೆ ಖಾಲಿಯಾಗುವ ವಾರಕ್ಕೆ ಸರಿಯಾಗಿ ಅಜ್ಜಿ ಬಂದರೆ ಹಸಿರು ಬಣ್ಣದ ವಾರ ಅವಳಿಗೆ ಅಜ್ಜಿಯ ವಾರ ಆಗುತ್ತದೆ. ದಸರೆ, ಬೇಸಿಗೆ ರಜೆಯಲ್ಲಿ ಇಬ್ಬರು ಮಕ್ಕಳೂ ಒಟ್ಟಿಗೆ ಊರಿಗೆ ಹೋಗಿ ಬರಲಿ.

ಇದನ್ನೆಲ್ಲ ಮಾಡಿಯೂ ಸರಿಹೋಗದ ಕೆಲವು ಇರುತ್ತವೆ. ಮಗಳು ಶಾಲೆಗೆ ಹೋಗುವುದಿಲ್ಲ ಅಂತ ವಾರಗಟ್ಟಲೆ ಹಟ ಹಿಡಿದರೆ, ನಿಂತುಹೋಗಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾದರೆ, ಮಗ ಇನ್ನೂ ಎರಡು ಮೂರು ಪದ ಸೇರಿಸಿ ಮಾತಾಡದಿದ್ದರೆ ಮಕ್ಕಳ ಡಾಕ್ಟರ್‌ಗೆ ತೋರಿಸಿ, ಶಿಫ್ಟ್ ಮೇಲೆ ಹಾಕಿ ಬಿಡಬೇಡಿ. (‘ಅಪ್ಪ ತಾಚಿ’ ಅಂದನಲ್ಲ, ಎರಡು ಪದ ಬಂದಿವೆ. ಬೇರೆ ಮಾತು ಎಷ್ಟಿದೆ ಅಂತ ಗಮನಿಸಿ.) ನಿಮಗಾಗಲಿ, ನಿಮ್ಮ ಮನೆಯವರಿಗಾಗಲಿ ರಜೆಯ ದಿನವೂ ನಿದ್ದೆ ಬಾರದೆ, ಯಾವುದರಲ್ಲೂ ಮನಸ್ಸಿಲ್ಲದೆ ಎರಡು ವಾರ ಮೀರಿದರೆ 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ನೈಟ್ ಶಿಫ್ಟಿನ ಬಿಡುವಿನಲ್ಲಿ ಮಾಡಿದರೂ ಎತ್ತುತ್ತಾರೆ.

ಶುರು ಮಾಡುವುದಾದರೆ ಮುಂದಿನ ಫಸ್ಟ್ ಶಿಫ್ಟ್ ವಾರದಿಂದ ಮಾಡಿ, ಆಗ ನಿಮಗೆ ಮೈಯಲ್ಲಿ ಶಕ್ತಿ ಇರುತ್ತದೆ. ಮೊದಲ ಸಂಜೆ ಬರುವಾಗ ಅಂಗಡಿಯಲ್ಲಿ ಒಂದು ಕ್ಯಾಲೆಂಡರ್, ಮೂರು ಸ್ಕೆಚ್ ಪೆನ್ ತನ್ನಿ. ನೆಲದ ಮೇಲೆ ಹಾಸಿ ಮಗಳಿಗೆ ಕೊಡಿ. ಮಗನಿಗೂ ಒಂದು ಪೆನ್ ಕೊಡಿ, ಅವನು ನಿಮ್ಮ ಗುರುವಾರದ ಮೇಲೆ ಗೀಚಿದರೆ ಗೀಚಲಿ.